ಹಳೆಯ ಗೇಮ್ ಬಾಯ್‌ನ ಪವರ್ ಸ್ವಿಚ್ ರಿಪೇರಿ: ಸಮಗ್ರ ಮಾರ್ಗದರ್ಶಿ

ಸ್ವಿಚ್ ಸರಿಸಿದರೆ ಕೆಂಪು ದೀಪ ಮಿನುಗಿ ಆರಿಹೋಗುತ್ತದೆ. ಅರ್ಧಕ್ಕೆ ಹಿಡಿದು ಒತ್ತಿದರೆ ಹತ್ತುತ್ತದೆ, ಕೈ ಬಿಟ್ಟರೆ ಮತ್ತೆ ಆರುತ್ತದೆ. ಆಟದ ನಡುವೆ ಯಂತ್ರ ಸ್ವಲ್ಪ ಅಲುಗಿದರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರವಾಗಿ 1989ರಲ್ಲಿ ಬಂದ ಮೊದಲ ಗೇಮ್ ಬಾಯ್, ಅಂದರೆ ಹಿಂಬದಿಯ ಚೀಟಿಯಲ್ಲಿ ಡಿಎಂಜಿ-01 ಎಂಬ ಗುರುತಿರುವ ದಪ್ಪ ಬೂದು ಯಂತ್ರದಲ್ಲಿ ಇದು ತೀರಾ ಸಾಮಾನ್ಯ ಕಾಯಿಲೆ. ಕೊಲ್ಲಿಯಿಂದಲೋ ಅಮೆರಿಕದಿಂದಲೋ ಬಂದ ನೆಂಟರು ತಂದುಕೊಟ್ಟು, ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿದ್ದ ಯಂತ್ರಗಳಲ್ಲಿ ಇದು ಕಾಣದಿದ್ದರೆ ಅದೇ ಅದೃಷ್ಟ.

ಈ ರಿಪೇರಿ ಕಷ್ಟದ್ದಲ್ಲ. ಆದರೂ ಹಲವರು ಇದರಲ್ಲಿ ಸೋಲುತ್ತಾರೆ, ಅದಕ್ಕೆ ಕಾರಣ ಕೆಲಸದ ಕ್ರಮ. ಸ್ವಿಚ್ಚೇ ಕೆಟ್ಟಿದೆ ಎಂದು ಖಚಿತವಾಗುವ ಮೊದಲೇ ಯಂತ್ರ ಬಿಚ್ಚುತ್ತಾರೆ. ತೊಳೆದು ನೋಡುವ ಮೊದಲೇ ಬೆಸುಗೆ ಬಿಡಿಸುತ್ತಾರೆ. ತೊಳೆದ ಮೇಲೆ ಒಣಗಲು ಬಿಡದೆ ಬ್ಯಾಟರಿ ಹಾಕುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನ ಯಂತ್ರಗಳಿಗೆ ಬೆಸುಗೆ ಬಿಡಿಸುವ ಆರನೆಯ ಹಂತದ ಅಗತ್ಯವೇ ಬರುವುದಿಲ್ಲ.

## ಮೊದಲು ಕೂಡಿಸಿಟ್ಟುಕೊಳ್ಳಬೇಕಾದವು

ಹಿಂಬದಿಯ ಸ್ಕ್ರೂಗಳ ತಲೆಯಲ್ಲಿ ಮೂರು ಎಸಳಿನ ತೋಡು ಇರುತ್ತದೆ. ಅದಕ್ಕೆ ಟ್ರೈ-ವಿಂಗ್ ಸ್ಕ್ರೂಡ್ರೈವರ್ ಬೇಕು. ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ತಿರುಗಿಸುವವರೇ ಹೆಚ್ಚು. ಒಮ್ಮೆ ತೋಡು ಸವೆದರೆ ಆ ಸ್ಕ್ರೂ ತೆಗೆಯಲು ಡ್ರಿಲ್ ಹಿಡಿಯಬೇಕಾಗುತ್ತದೆ. ಮೊಬೈಲ್ ರಿಪೇರಿಯ ಸಣ್ಣ ಬಿಟ್ ಸೆಟ್‌ಗಳಲ್ಲಿ ಟ್ರೈ-ವಿಂಗ್ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವುದಾದರೆ ತುದಿ ಚೂಪಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ ಕೊಳ್ಳಿ. ಒಳಗಿನ ಸ್ಕ್ರೂಗಳಿಗೆ ಸಣ್ಣ ಫಿಲಿಪ್ಸ್ ಸಾಕು.

ತೊಳೆಯಲು ಶೇಕಡ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಮೊಬೈಲ್ ರಿಪೇರಿಯ ಸಾಮಾನು ಮಾರುವಲ್ಲಿ ಐಪಿಎ ಎಂದು ಕೇಳಿದರೆ ಸಿಗುತ್ತದೆ. ಇದರ ಬದಲಿಗೆ ಏನನ್ನು ಬಳಸಬಾರದು ಎಂಬುದೇ ಇಲ್ಲಿ ಮುಖ್ಯ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ನೀರು ಮತ್ತು ಗ್ಲಿಸರಿನ್ ಇರುತ್ತವೆ. ಆಲ್ಕೋಹಾಲ್ ಆರಿದ ಮೇಲೂ ಗ್ಲಿಸರಿನ್ ಸ್ವಿಚ್ಚಿನೊಳಗೆ ಅಂಟಾಗಿ ಉಳಿಯುತ್ತದೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಮತ್ತು ಪೇಂಟ್ ಥಿನ್ನರ್ ಪ್ಲಾಸ್ಟಿಕ್ ಕವಚವನ್ನು ಕರಗಿಸುತ್ತವೆ. ಬಾಗಿಲ ತಿರುಗಣೆಗೆ ಹೊಡೆಯುವ ತುಕ್ಕುನಿವಾರಕ ಸ್ಪ್ರೇ ಹಾಕಿದರೆ ಯಂತ್ರ ತಕ್ಷಣ ಹತ್ತುತ್ತದೆ, ಅದರಿಂದಲೇ ಜನ ಮೋಸ ಹೋಗುತ್ತಾರೆ. ಅದರ ಎಣ್ಣೆ ಒಳಗೇ ಉಳಿದು ಧೂಳು ಹಿಡಿದು, ಕೆಲವು ತಿಂಗಳಲ್ಲಿ ಸ್ವಿಚ್ ಮೊದಲಿಗಿಂತ ಕೆಟ್ಟದಾಗುತ್ತದೆ. ಸ್ಪ್ರೇಯನ್ನೇ ಬಳಸುವುದಾದರೆ ಎಲೆಕ್ಟ್ರಾನಿಕ್ ಸಂಪರ್ಕಗಳಿಗೆಂದೇ ತಯಾರಾದ, ಪ್ಲಾಸ್ಟಿಕ್‌ಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರ್ ತೆಗೆದುಕೊಳ್ಳಿ.

ಇವಲ್ಲದೆ ಒಂದು ಡಿಜಿಟಲ್ ಮಲ್ಟಿಮೀಟರ್, ಹತ್ತಿ ಕಡ್ಡಿಗಳು, ಸೂಜಿಯಿಲ್ಲದ ಅಥವಾ ಮೊಂಡು ತುದಿಯ ಸಿರಿಂಜ್, ಹಳೆಯ ಮೆದು ಬ್ರಷ್, ಚಿಮುಟ ಮತ್ತು ಸ್ಕ್ರೂ ಹಾಕಿಡಲು ಸಣ್ಣ ಬಟ್ಟಲುಗಳು ಬೇಕು. ಬೆಸುಗೆಯ ಸಾಮಾನುಗಳನ್ನು ಈಗಲೇ ಹೊರಗೆ ತೆಗೆಯಬೇಡಿ.

## ಹಂತ 1: ಸ್ವಿಚ್ಚಿನದೇ ತಪ್ಪೇ ಎಂದು ಬಿಚ್ಚದೆಯೇ ತಿಳಿಯುವುದು

ಕ್ಯಾಟ್ರಿಜ್, ಅಂದರೆ ಆಟ ಇರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದಿಡಿ. ಹೊಸ ಆಲ್ಕಲೈನ್ ಎಎ ಸೆಲ್‌ಗಳನ್ನು ನಾಲ್ಕೂ ಒಂದೇ ಬಗೆಯದಾಗಿ ಹಾಕಿ, ಸ್ವಿಚ್ ಸರಿಸಿ. ಕ್ಯಾಟ್ರಿಜ್ ಇಲ್ಲದಿದ್ದರೂ ಈ ಯಂತ್ರ ಹತ್ತುತ್ತದೆ. ನಿಂಟೆಂಡೊ ಹೆಸರು ಇಳಿದುಬರಬೇಕಾದ ಜಾಗದಲ್ಲಿ ಕಪ್ಪು ಪಟ್ಟಿಯೊಂದು ಇಳಿದುಬಂದು ನಿಲ್ಲುತ್ತದೆ. ಅಷ್ಟು ಕಂಡರೆ ವಿದ್ಯುತ್ ಒಳಗೆ ತಲುಪಿದೆ ಎಂದರ್ಥ.

ಕ್ಯಾಟ್ರಿಜ್ ಇದ್ದಾಗಲೂ ಆ ಕಪ್ಪು ಪಟ್ಟಿಯೇ ಬಂದರೆ ಕ್ಯಾಟ್ರಿಜ್‌ನ ತಾಮ್ರದ ಹಲ್ಲುಗಳು ಕೊಳೆಯಾಗಿವೆ, ಸ್ವಿಚ್ಚನ್ನು ಮುಟ್ಟಬೇಡಿ. ಪರದೆಯಲ್ಲಿ ನೇರ ಗೆರೆಗಳು ಮಾಯವಾಗಿದ್ದರೆ ಅದು ಪರದೆಯ ಪಟ್ಟಿ ಕೇಬಲ್‌ನ ತೊಂದರೆ. ಶಬ್ದ ಮಾತ್ರ ಕರಕರ ಎಂದರೆ ವಾಲ್ಯೂಮ್ ಚಕ್ರ ಕೊಳೆಯಾಗಿದೆ.

ಸ್ವಿಚ್ ಕೊನೆಯವರೆಗೆ ಸರಿಯುವುದೇ ಇಲ್ಲ ಎನ್ನುವವರು ಇನ್ನೊಂದು ವಿಷಯ ಗಮನಿಸಿ. ಈ ಮಾದರಿಯಲ್ಲಿ ಸ್ವಿಚ್ ಸರಿಸಿದಾಗ ಒಂದು ಪ್ಲಾಸ್ಟಿಕ್ ನಾಲಿಗೆ ಕ್ಯಾಟ್ರಿಜ್‌ನ ಮೂಲೆಯ ಕಚ್ಚಿನೊಳಗೆ ಹೋಗಿ ಅದನ್ನು ಬಂಧಿಸುತ್ತದೆ. ನಂತರದ ಮಾದರಿಯಾದ ಗೇಮ್ ಬಾಯ್ ಕಲರ್‌ಗೆಂದೇ ಬಂದ ಪಾರದರ್ಶಕ ಕ್ಯಾಟ್ರಿಜ್‌ಗಳಲ್ಲಿ ಆ ಕಚ್ಚು ಇಲ್ಲ. ಅವನ್ನು ಹಾಕಿದರೆ ಸ್ವಿಚ್ ಸರಿಯುವುದೇ ಇಲ್ಲ, ಸರಿಯಬಾರದು ಕೂಡ. ಬಲ ಹಾಕಿ ತಳ್ಳಿದರೆ ಆ ನಾಲಿಗೆಯೇ ಮುರಿಯುತ್ತದೆ.

ಸ್ವಿಚ್ಚಿನ ಮೇಲೆ ಅನುಮಾನ ಪಡಬೇಕಾದ ಲಕ್ಷಣಗಳು ಇವು: ಹೊಸ ಸೆಲ್ ಇದ್ದರೂ ಕೆಂಪು ದೀಪ ಮಂಕಾಗಿರುವುದು, ಸ್ವಿಚ್ಚನ್ನು ಅತ್ತಿತ್ತ ಆಡಿಸಿದಂತೆ ದೀಪದ ಹೊಳಪು ಬದಲಾಗುವುದು, ಹತ್ತಿದ ಮೇಲೆ ಸ್ವಿಚ್ಚಿನ ಮೇಲೆ ಬೆರಳಿಟ್ಟರೆ ಸಾಕು, ಯಂತ್ರ ರೀಸೆಟ್ ಆಗುವುದು.

ಈ ಪರೀಕ್ಷೆ ಮಾಡುವಾಗ ಆಟದ ಪ್ರಗತಿ ಉಳಿಸಿಟ್ಟ ಕ್ಯಾಟ್ರಿಜ್ ಯಂತ್ರದಲ್ಲಿ ಇರಲೇಬಾರದು. ಅಂಥ ಕ್ಯಾಟ್ರಿಜ್‌ನೊಳಗೆ ಒಂದು ನಾಣ್ಯದಾಕಾರದ ಬ್ಯಾಟರಿ ಇದ್ದು, ಅದೇ ನೆನಪನ್ನು ಕಾಯುತ್ತಿರುತ್ತದೆ. ವಿದ್ಯುತ್ ತಟ್ಟನೆ ಹೋಗಿಬಂದು ಮಾಡಿದರೆ ಉಳಿಸಿಟ್ಟ ಮಾಹಿತಿ ಹಾಳಾಗಬಹುದು. ಬಾಲ್ಯದಲ್ಲಿ ಉಳಿಸಿಟ್ಟ ಆಟವನ್ನು ಯಾವ ರಿಪೇರಿಯೂ ಮರಳಿ ತರುವುದಿಲ್ಲ.

## ಹಂತ 2: ಬ್ಯಾಟರಿಯ ಗೂಡನ್ನು ಅನುಮಾನದಿಂದ ಹೊರಗಿಡುವುದು

ಗೂಡಿನ ಸ್ಪ್ರಿಂಗ್‌ಗಳ ಮೇಲೆ ಬಿಳಿ ಪುಡಿಯೋ ಹಸಿರು ಕಿಲುಬೋ ಕಂಡರೆ ಮೊದಲು ಅದನ್ನು ಸರಿಮಾಡಿ. ಸ್ವಿಚ್ಚಿನ ಲಕ್ಷಣ ಮತ್ತು ಕಿಲುಬಿನ ಲಕ್ಷಣ ಹೊರಗಿನಿಂದ ಒಂದೇ ತರಹ ಕಾಣುತ್ತವೆ.

ಸೋರಿದ್ದು ಆಲ್ಕಲೈನ್ ಸೆಲ್ ಆಗಿದ್ದರೆ ಆ ಪುಡಿ ಕ್ಷಾರ. ಹತ್ತಿ ಕಡ್ಡಿಗೆ ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ಮುಟ್ಟಿಸಿ ಒರೆಸಿ, ಆಮೇಲೆ ಆಲ್ಕೋಹಾಲ್‌ನಿಂದ ತೊಳೆಯಿರಿ. ನಮ್ಮ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಜಿಂಕ್-ಕಾರ್ಬನ್ ಸೆಲ್‌ಗಳ ಸೋರಿಕೆ ಆಮ್ಲೀಯ. ಅದಕ್ಕೆ ವಿನೆಗರ್ ಹಾಕಿ ಪ್ರಯೋಜನವಿಲ್ಲ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಹಚ್ಚಿ ಒರೆಸಿ, ನಂತರ ಆಲ್ಕೋಹಾಲ್ ಬಳಸಿ. ಯಾವ ಸೆಲ್ ಸೋರಿತ್ತು ಎಂದು ಗೊತ್ತಿಲ್ಲದಿದ್ದರೆ ಪುಡಿಯನ್ನು ಒಣ ಬ್ರಷ್‌ನಿಂದ ಉದುರಿಸಿ, ಆಲ್ಕೋಹಾಲ್‌ನಿಂದ ಹಲವು ಬಾರಿ ಒರೆಸಿದರೆ ಸಾಕು. ಕನ್ನಡಕ ಹಾಕಿಕೊಳ್ಳಿ, ಆ ಪುಡಿ ಕಣ್ಣಿಗೆ ಬೀಳಬಾರದು.

ಈಗ ಮಲ್ಟಿಮೀಟರ್‌ನಿಂದ ನಾಲ್ಕೂ ಸೆಲ್‌ಗಳನ್ನು ಬಿಡಿಬಿಡಿಯಾಗಿ ಅಳೆಯಿರಿ. ಹೊಸ ಆಲ್ಕಲೈನ್ ಸೆಲ್ 1.5 ವೋಲ್ಟ್‌ಗಿಂತ ತುಸು ಹೆಚ್ಚೇ ತೋರಿಸುತ್ತದೆ. ಒಂದೇ ಒಂದು ಸತ್ತ ಸೆಲ್ ಇದ್ದರೂ ಉಳಿದ ಪರೀಕ್ಷೆಯೆಲ್ಲ ದಾರಿ ತಪ್ಪುತ್ತದೆ.

ಸೆಲ್ ಬದಲು ಅಡಾಪ್ಟರ್ ಚುಚ್ಚಿ ನೋಡೋಣ ಎನ್ನುವವರು ಒಂದು ಕ್ಷಣ ನಿಲ್ಲಿ. ಈ ಯಂತ್ರಕ್ಕೆ ಬೇಕಾದದ್ದು 6 ವೋಲ್ಟ್, ಅದೂ ಪಿನ್ನಿನ ನಡುಭಾಗ ಋಣ ಆಗಿರುವ ಅಡಾಪ್ಟರ್. ಈಗ ಸಿಗುವ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ನಡುಭಾಗ ಧನ. ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ.

## ಹಂತ 3: ಕವಚ ಬಿಚ್ಚುವುದು

ಸೆಲ್‌ಗಳನ್ನು ತೆಗೆಯಿರಿ. ಹಿಂಬದಿಯಲ್ಲಿ ಆರು ಸ್ಕ್ರೂಗಳಿವೆ: ನಾಲ್ಕು ಹೊರಗೆ, ಎರಡು ಬ್ಯಾಟರಿ ಗೂಡಿನೊಳಗೆ. ಗೂಡಿನ ಎರಡನ್ನು ಮರೆತು ಕವಚವನ್ನು ಮೀಟಿ ತೆರೆಯಲು ಹೋಗಿ ಪ್ಲಾಸ್ಟಿಕ್ ಸೀಳಿದ ಯಂತ್ರಗಳು ಎಷ್ಟೋ ಇವೆ. ಸ್ಕ್ರೂಡ್ರೈವರ್ ಅನ್ನು ನೆಟ್ಟಗೆ ಹಿಡಿದು, ತಿರುಗಿಸುವ ಬಲಕ್ಕಿಂತ ಒತ್ತುವ ಬಲ ಹೆಚ್ಚಿರುವಂತೆ ನೋಡಿಕೊಳ್ಳಿ.

ಎರಡು ಅರ್ಧಗಳು ಬೇರೆಯಾದ ಕೂಡಲೇ ಜಗ್ಗಬೇಡಿ! ನಡುವೆ ಒಂದು ಚಪ್ಪಟೆ ಪಟ್ಟಿ ಕೇಬಲ್ ಎರಡು ಬೋರ್ಡ್‌ಗಳನ್ನು ಜೋಡಿಸಿರುತ್ತದೆ. ಪುಸ್ತಕ ತೆರೆದಂತೆ ನಿಧಾನವಾಗಿ ತೆರೆದು, ಆ ಕೇಬಲ್ ಹೊಕ್ಕಿರುವ ಸಾಕೆಟ್ಟನ್ನು ಹುಡುಕಿ. ಅದಕ್ಕೆ ಚಿಲಕ ಇಲ್ಲ. ಮೀಟಲು ಏನಾದರೂ ಇದೆಯೇ ಎಂದು ಹುಡುಕಿ ಸಾಕೆಟ್ ಮುರಿಯಬೇಡಿ. ಕೇಬಲ್‌ನ ಎರಡೂ ಅಂಚುಗಳನ್ನು ಸಾಕೆಟ್ಟಿಗೆ ಸಮೀಪದಲ್ಲೇ ಹಿಡಿದು, ನೇರವಾಗಿ, ತುಸು ತುಸುವೇ ಎಳೆಯಿರಿ. ಓರೆಯಾಗಿ ಎಳೆದರೆ ಅಂಚಿನ ತಂತಿಗಳು ಮಡಚುತ್ತವೆ.

ಪರದೆ ಇರುವ ಮುಂದಿನ ಅರ್ಧವನ್ನು ಬಟ್ಟೆಯ ಮೇಲೆ ಮಲಗಿಸಿ ದೂರ ಇಡಿ. ಅಲ್ಲಿ ನಿಮಗೆ ಕೆಲಸವಿಲ್ಲ. ನೋಡೋಣವೆಂದು ಅದರ ಸ್ಕ್ರೂ ಬಿಚ್ಚುವ ಆಸೆಯನ್ನು ತಡೆದುಕೊಳ್ಳಿ, ಪರದೆಯ ಜೋಡಣೆ ಬಹಳ ಸೂಕ್ಷ್ಮ.

## ಹಂತ 4: ಮುಖ್ಯ ಬೋರ್ಡ್ ಎತ್ತುವುದು

ಹಿಂದಿನ ಅರ್ಧದಲ್ಲಿರುವುದೇ ಮುಖ್ಯ ಬೋರ್ಡ್. ಸ್ವಿಚ್ ಇರುವುದೂ ಅದರ ಮೇಲಂಚಿನಲ್ಲಿ. ಫಿಲಿಪ್ಸ್ ಸ್ಕ್ರೂಗಳನ್ನು ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ, ಪ್ರತಿ ಸ್ಕ್ರೂ ಎಲ್ಲಿಂದ ಬಂತು ಎಂಬುದು ಕಾಣುವಂತೆ ಕಾಗದದ ಮೇಲೆ ಜೋಡಿಸಿಡಿ. ಹೆಡ್‌ಫೋನ್ ಜ್ಯಾಕ್‌ನ ಪುಟ್ಟ ಬೋರ್ಡ್ ವೈರ್‌ಗಳಿಂದ ಇದಕ್ಕೆ ಜೋಡಿಸಿಕೊಂಡಿದೆ. ಮುಖ್ಯ ಬೋರ್ಡನ್ನು ಎತ್ತುವಾಗ ಅದೂ ಜೊತೆಯಲ್ಲೇ ಬರಲಿ.

ಹೊರಗಿನಿಂದ ಬೆರಳಿಗೆ ಸಿಗುವ ಸ್ವಿಚ್ ಗುಬ್ಬಿ ಬೇರೆಯದೇ ಪ್ಲಾಸ್ಟಿಕ್ ತುಂಡು. ಒಳಗಿನ ನಿಜವಾದ ಸ್ವಿಚ್ಚಿನ ಕಡ್ಡಿಯನ್ನು ಅದು ಕಚ್ಚಿಕೊಂಡಿರುತ್ತದೆ, ಅಷ್ಟೇ. ಬೋರ್ಡ್ ಎತ್ತಿದಾಗ ಅದು ಕಳಚಿ ಬೀಳುತ್ತದೆ. ಯಾವ ಮುಖ ಮೇಲಿತ್ತು ಎಂದು ಗುರುತು ಮಾಡಿ ಬಟ್ಟಲಿಗೆ ಹಾಕಿ.

## ಹಂತ 5: ತೊಳೆಯುವುದು

ಇಲ್ಲಿ ಅವಸರ ಬೇಡ, ಇಡೀ ರಿಪೇರಿಯ ತಿರುಳು ಈ ಹಂತದಲ್ಲೇ ಇದೆ.

ಮೊದಲು ಸ್ವಿಚ್ ಎಷ್ಟು ಕೆಟ್ಟಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಹಾಗೆ ಮಾಡದಿದ್ದರೆ ತೊಳೆದದ್ದು ಫಲ ಕೊಟ್ಟಿತೇ ಇಲ್ಲವೇ ಎಂಬುದು ಊಹೆಯೇ ಆಗುತ್ತದೆ. ಸೆಲ್‌ಗಳು ಹೊರಗಿರುವಾಗಲೇ ಮಲ್ಟಿಮೀಟರ್ ಅನ್ನು ಬೀಪ್ ಮಾಡುವ ಸ್ಥಾನಕ್ಕೆ ತಿರುಗಿಸಿ, ಸ್ವಿಚ್ಚಿನ ಕಾಲುಗಳನ್ನು ಎರಡೆರಡಾಗಿ ಮುಟ್ಟುತ್ತಾ ಹೋಗಿ. ಸ್ವಿಚ್ ಆನ್ ಇದ್ದಾಗ ಮಾತ್ರ ಒಂದಾಗುವ ಜೋಡಿಯನ್ನು ಹುಡುಕಬೇಕು. ಅಂಥ ಜೋಡಿ ಒಂದಕ್ಕಿಂತ ಹೆಚ್ಚು ಸಿಗಬಹುದು. ಕೊಳೆ ಹೆಚ್ಚಿದ್ದರೆ ಬೀಪ್ ಬಾರದೆಯೂ ಇರಬಹುದು, ಆಗ ವಿದ್ಯುತ್ ತಡೆಯನ್ನು ಅಳೆಯುವ ಓಮ್ ಸ್ಥಾನದಲ್ಲಿ ಅಂಕೆಯನ್ನು ನೋಡಿ. ಮೊದಲು ಮೀಟರ್‌ನ ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಅಂಕೆಯನ್ನು ಕಳೆಯಿರಿ. ಒಳ್ಳೆಯ ಸ್ವಿಚ್ 1 ಓಮ್‌ಗಿಂತ ಸಾಕಷ್ಟು ಕಡಿಮೆ ತೋರಿಸುತ್ತದೆ. ಕೆಟ್ಟದ್ದು ಹಲವು ಓಮ್ ತೋರಿಸುತ್ತದೆ, ಅದೂ ಕಡ್ಡಿ ಮುಟ್ಟಿದಂತೆಲ್ಲ ಕುಣಿಯುತ್ತದೆ.

ಕೆಲವೇ ಓಮ್‌ಗಳಿಂದ ಏನಾಗುತ್ತದೆ ಎಂದು ಉಡಾಫೆ ಮಾಡಬೇಡಿ. ಯಂತ್ರ ಎಳೆಯುವ ಕರೆಂಟ್ ಸುಮಾರು ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ. ಸ್ವಿಚ್ಚಿನಲ್ಲಿ 10 ಓಮ್ ತಡೆ ಇದ್ದರೆ ಅಲ್ಲೇ 1 ವೋಲ್ಟ್ ಕರಗಿಹೋಗುತ್ತದೆ. ಒಳಗಿನ ವಿದ್ಯುತ್ ಪರಿವರ್ತಕ 5 ವೋಲ್ಟ್ ಕೊಡುವುದರ ಜೊತೆಗೆ ಪರದೆಗಾಗಿ ಋಣ 19 ವೋಲ್ಟ್‌ನಷ್ಟನ್ನೂ ತಯಾರಿಸುತ್ತದೆ. ಒಳಬರುವ ವೋಲ್ಟೇಜ್ ಇಳಿದಂತೆ ಅದು ಕೊರತೆ ತುಂಬಲು ಇನ್ನಷ್ಟು ಕರೆಂಟ್ ಎಳೆಯುತ್ತದೆ. ಆಗ ಸ್ವಿಚ್ಚಿನಲ್ಲಿ ಇನ್ನಷ್ಟು ವೋಲ್ಟೇಜ್ ಕರಗುತ್ತದೆ, ಯಂತ್ರ ಕುಸಿಯುತ್ತದೆ. ದೀಪ ಹತ್ತಿದಂತೆ ಮಾಡಿ ಆರುವುದು ಹೀಗೆ.

ಈಗ ತೊಳೆಯುವ ಕೆಲಸ. ಕಿಟಕಿ ತೆರೆಯಿರಿ, ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ಬೋರ್ಡನ್ನು ಓರೆಯಾಗಿ ಹಿಡಿದು, ಸ್ವಿಚ್ಚಿನಿಂದ ಇಳಿದ ಕೊಳೆ ಬೋರ್ಡ್ ಮೇಲೆ ಹರಿಯದೆ ಅಂಚಿನಿಂದ ಹೊರಗೆ ಬೀಳುವಂತೆ ಮಾಡಿ. ಸ್ವಿಚ್ಚಿನ ಲೋಹದ ಡಬ್ಬಿಯಲ್ಲಿ ಕಡ್ಡಿ ಓಡಾಡುವ ಸೀಳಿನೊಳಕ್ಕೆ ಸಿರಿಂಜ್‌ನಿಂದ ಕೆಲವು ಹನಿ ಆಲ್ಕೋಹಾಲ್ ಬಿಡಿ. ಕಡ್ಡಿಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ಪೂರ್ತಿಯಾಗಿ, ಇಪ್ಪತ್ತು ಮೂವತ್ತು ಸಲ ಆಡಿಸಿ. ಹನಿ ಬಿಟ್ಟು ಎರಡು ಸಲ ಆಡಿಸಿ ಮುಗಿಸಿಬಿಡುವುದು ತೀರಾ ಸಾಮಾನ್ಯವಾದ ತಪ್ಪು. ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸ್ ಇಷ್ಟು ವರ್ಷಗಳಲ್ಲಿ ಗಟ್ಟಿಯಾಗಿರುತ್ತದೆ, ಲೋಹ ಮಂಕಾಗಿರುತ್ತದೆ. ಆಲ್ಕೋಹಾಲ್ ಗ್ರೀಸನ್ನು ಸಡಿಲಿಸುತ್ತದೆ ಅಷ್ಟೇ, ಮಂಕನ್ನು ಉಜ್ಜಿ ತೆಗೆಯುವುದು ಆ ಓಡಾಟ.

ಹೊರಬರುವ ದ್ರವವನ್ನು ಹತ್ತಿಯಲ್ಲಿ ಹೀರಿ ಬಣ್ಣ ನೋಡಿ. ಮೊದಲ ಸುತ್ತಿನಲ್ಲಿ ಕಂದೋ ಬೂದೋ ಇರುತ್ತದೆ. ಹತ್ತಿ ಬೆಳ್ಳಗೆ ಉಳಿಯುವವರೆಗೆ ಸುತ್ತು ಮುಂದುವರಿಸಿ. ಆಮೇಲೆ ಒಣಗಲು ಬಿಡಿ. ಬೇಸಿಗೆಯಲ್ಲಿ ಅರ್ಧ ಗಂಟೆ ಸಾಕಾಗಬಹುದು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ರಾತ್ರಿಯಿಡೀ ಒಣಗಿಸಿ. ಹೇರ್ ಡ್ರೈಯರ್‌ನ ಬಿಸಿ ಗಾಳಿ ಬೇಡ, ಫ್ಯಾನ್ ಗಾಳಿ ಸಾಕು.

ಒಣಗಿದ ಮೇಲೆ ಅದೇ ಜೋಡಿ ಕಾಲುಗಳನ್ನು ಮತ್ತೆ ಅಳೆಯಿರಿ. ಅಂಕೆ 1 ಓಮ್‌ಗಿಂತ ಕೆಳಗೆ ಇಳಿದು, ಕಡ್ಡಿ ಅಲುಗಿಸಿದರೂ ಸ್ಥಿರವಾಗಿದ್ದರೆ ಆರನೆಯ ಹಂತವನ್ನು ಬಿಟ್ಟು ಏಳಕ್ಕೆ ಹೋಗಿ. ಇಳಿದಿದೆ, ಆದರೆ ಇನ್ನೂ ಕುಣಿಯುತ್ತಿದೆ ಎಂದಾದರೆ ಇನ್ನೊಮ್ಮೆ ತೊಳೆಯಿರಿ. ಎರಡು ಮೂರು ಸುತ್ತು ತೊಳೆದೂ ಬದಲಾಗದಿದ್ದರೆ ಮಾತ್ರ ಮುಂದಿನ ಹಂತ.

## ಹಂತ 6: ಬೆಸುಗೆ ಬಿಡಿಸಿ ಸ್ವಿಚ್ ತೆರೆಯುವುದು

ಬೆಸುಗೆಯ ಅಭ್ಯಾಸ ಇಲ್ಲದವರು ಇಲ್ಲಿಂದ ಮುಂದಿನದನ್ನು ಬಲ್ಲವರಿಗೆ ಒಪ್ಪಿಸಿ. ಈ ಬೋರ್ಡ್‌ನ ತಾಮ್ರದ ಗೆರೆಗಳು ಹಳೆಯವು. ಹೆಚ್ಚು ಹೊತ್ತು ಕಾಯಿಸಿದರೆ ಬೋರ್ಡಿನಿಂದ ಎದ್ದು ಬರುತ್ತವೆ. ಕಲಿಯುವ ಆಸೆ ಇದ್ದರೆ ಹಾಳಾದ ರೇಡಿಯೊ ಬೋರ್ಡಿನ ಮೇಲೆ ಕಲಿಯಿರಿ.

ಬೆಸುಗೆ ಹಾಕುವ ಐರನ್‌ನ ಉಷ್ಣತೆ 320ರಿಂದ 350 ಡಿಗ್ರಿ ಸೆಲ್ಸಿಯಸ್ ಇರಲಿ. ಮೊದಲು ಪ್ರತಿ ಕಾಲಿಗೂ ಫ್ಲಕ್ಸ್ (ಬೆಸುಗೆ ಸಲೀಸಾಗಿ ಹರಿಯಲು ಹಚ್ಚುವ ಲೇಪ) ಹಚ್ಚಿ ಸ್ವಲ್ಪ ಹೊಸ ಬೆಸುಗೆ ಸೇರಿಸಿ. ತೆಗೆಯಬೇಕಾದ ಜಾಗಕ್ಕೆ ಇನ್ನಷ್ಟು ಹಾಕುವುದು ವಿಚಿತ್ರವಾಗಿ ಕಾಣಬಹುದು, ಆದರೆ ಹೊಸದು ಬೆರೆತಾಗಲೇ ಹಳೆಯದು ಸಲೀಸಾಗಿ ಕರಗುತ್ತದೆ. ನಂತರ ತಾಮ್ರದ ಜಾಲರಿಪಟ್ಟಿಯಿಂದ ಅಥವಾ ಹೀರು ಪಂಪಿನಿಂದ ಎಲ್ಲವನ್ನೂ ತೆಗೆಯಿರಿ. ಡಬ್ಬಿಯನ್ನು ಹಿಡಿದಿಟ್ಟಿರುವ ದಪ್ಪ ಕಿವಿಗಳು ಬಿಸಿಯನ್ನು ಹೆಚ್ಚು ಹೀರುತ್ತವೆ, ಅವಕ್ಕೆ ದಪ್ಪ ತುದಿಯ ಐರನ್ ಬಳಸಿ. ಯಾವ ಕಾಲನ್ನೂ ಬಿಸಿಮಾಡುತ್ತಲೇ ಇರಬೇಡಿ. ಕೆಲವು ಸೆಕೆಂಡಿನಲ್ಲಿ ಕರಗದಿದ್ದರೆ ಐರನ್ ತೆಗೆದು, ತಣಿಯಲು ಬಿಟ್ಟು, ಮತ್ತೆ ಫ್ಲಕ್ಸ್ ಹಚ್ಚಿ. ಎಲ್ಲ ಕಾಲುಗಳೂ ಸಡಿಲವಾಗಿ ಅಲುಗಾಡುವ ಮೊದಲು ಸ್ವಿಚ್ಚನ್ನು ಮೀಟಲೇಬಾರದು.

ಹೊರಬಂದ ಸ್ವಿಚ್ಚಿನ ಲೋಹದ ಹೊದಿಕೆಯನ್ನು ಮಡಚಿದ ಸಣ್ಣ ಕಿವಿಗಳು ಹಿಡಿದಿರುತ್ತವೆ. ಅವನ್ನು ತೆಳುವಾದ ಬ್ಲೇಡಿನಿಂದ ಒಂದೇ ಸಲ ನೆಟ್ಟಗೆ ಮಾಡಿ. ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಮುರಿಯುತ್ತವೆ. ಬಿಳಿ ಬಟ್ಟೆಯ ಮೇಲೆ ಇಟ್ಟು ತೆರೆಯಿರಿ, ಒಳಗಿನ ಭಾಗಗಳು ಸಣ್ಣವು, ಹಾರಿಹೋದರೆ ಸಿಗುವುದು ಕಷ್ಟ. ಜಾರುವ ಲೋಹದ ಎಲೆಗಳನ್ನೂ ಸ್ಥಿರ ಬಿಂದುಗಳನ್ನೂ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಕಪ್ಪು ಹೋಗದಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ಮರಳು ಕಾಗದ ಬೇಡ, ಅದು ಮೇಲಿನ ಲೇಪವನ್ನೇ ತೆಗೆದುಬಿಡುತ್ತದೆ, ಲೇಪ ಹೋದ ಲೋಹ ಬೇಗ ಮತ್ತೆ ಕಿಲುಬುತ್ತದೆ. ಎಲೆಗಳು ಚಪ್ಪಟೆಯಾಗಿದ್ದರೆ ಚಿಮುಟದಿಂದ ಕೂದಲೆಳೆಯಷ್ಟು ಮಾತ್ರ ಮೇಲಕ್ಕೆತ್ತಿ.

ಎಲೆ ಮುರಿದಿದ್ದರೆ ಅಥವಾ ಬಿಂದುಗಳು ತಿಂದುಹೋಗಿದ್ದರೆ ಮಾತ್ರ ಬದಲಿ ಸ್ವಿಚ್ ಹುಡುಕಿ. ಡಿಎಂಜಿ ಮಾದರಿಗೆಂದೇ ಮಾಡಿದ ಬದಲಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಗೇಮ್ ಬಾಯ್ ಪಾಕೆಟ್ ಅಥವಾ ಕಲರ್ ಮಾದರಿಯದನ್ನು ತರಿಸಬೇಡಿ. ಆದರೂ ಮೂಲ ಸ್ವಿಚ್ಚನ್ನು ತೊಳೆದು ಉಳಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳೆ ತೆಗೆದರೆ ಅದು ಇನ್ನೂ ಬಹುಕಾಲ ದುಡಿಯುತ್ತದೆ.

ಮರಳಿ ಬೆಸೆಯುವಾಗ ಸ್ವಿಚ್ ಬೋರ್ಡಿಗೆ ಪೂರ್ತಿ ಅಂಟಿ ಕುಳಿತಿದೆಯೇ ನೋಡಿ. ಮೊದಲು ಒಂದು ಕಿವಿಯನ್ನಷ್ಟೇ ಬೆಸೆದು, ನೆಟ್ಟಗಿದೆ ಎಂದು ಖಚಿತವಾದ ಮೇಲೆ ಉಳಿದವನ್ನು ಬೆಸೆಯಿರಿ. ಒಂದು ಮಿಲಿಮೀಟರ್ ಎದ್ದಿದ್ದರೂ ಹೊರಗಿನ ಗುಬ್ಬಿ ಸಿಕ್ಕಿಕೊಳ್ಳುತ್ತದೆ.

## ಹಂತ 7: ಮುಚ್ಚುವ ಮೊದಲು, ಮುಚ್ಚಿದ ಮೇಲೆ

ಒಳಗಿನ ಸ್ವಿಚ್ ಕಡ್ಡಿ ಮತ್ತು ಹೊರಗಿನ ಗುಬ್ಬಿ ಎರಡನ್ನೂ ಆಫ್ ಸ್ಥಾನದಲ್ಲಿಟ್ಟು ಬೋರ್ಡ್ ಕೂರಿಸಿ. ಒಂದು ಆನ್, ಇನ್ನೊಂದು ಆಫ್ ಇದ್ದರೆ ಗುಬ್ಬಿ ಕಡ್ಡಿಯ ಮೇಲೆ ಹತ್ತಿ ಕೂರುತ್ತದೆ, ಸ್ಕ್ರೂ ಬಿಗಿದಾಗ ಕಡ್ಡಿ ಮುರಿಯುತ್ತದೆ. ಬೋರ್ಡ್ ಕುಳಿತ ಮೇಲೆ ಗುಬ್ಬಿಯನ್ನು ಸರಿಸಿ ನೋಡಿ, ಟಕ್ ಎಂದು ಎರಡೂ ಕಡೆ ನಿಲ್ಲಬೇಕು. ಮೆತ್ತಗೆ ಜಾರಿದರೆ ಮತ್ತೆ ಎತ್ತಿ ನೋಡಿ.

ಸ್ಕ್ರೂಗಳನ್ನು ಪ್ಲಾಸ್ಟಿಕ್‌ಗೆ ಬಿಗಿಯುವಾಗ ಮೊದಲು ಎಡಕ್ಕೆ ತಿರುಗಿಸಿ. ಹಳೆಯ ಎಳೆ ಸಿಕ್ಕಾಗ ಸ್ಕ್ರೂ ಸಣ್ಣಗೆ ಕೆಳಗಿಳಿದದ್ದು ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಬಲಕ್ಕೆ ತಿರುಗಿಸಿ. ಹೀಗೆ ಮಾಡಿದರೆ ಹೊಸ ಎಳೆ ಕೊರೆದು ಕಂಬ ಸವೆಯುವುದಿಲ್ಲ.

ಪಟ್ಟಿ ಕೇಬಲ್ ಅನ್ನು ಸಾಕೆಟ್ಟಿಗೆ ನೇರವಾಗಿ, ಎರಡೂ ಅಂಚು ಸಮವಾಗಿ ಒತ್ತಿ. ಹೊರಗಿನ ಸ್ಕ್ರೂ ಹಾಕುವ ಮೊದಲು ಎರಡು ಅರ್ಧಗಳನ್ನು ಕೈಯಲ್ಲೇ ಜೋಡಿಸಿ ಹಿಡಿದು, ಸೆಲ್ ಹಾಕಿ, ಕ್ಯಾಟ್ರಿಜ್ ಇಲ್ಲದೆ ಹತ್ತಿಸಿ. ಕಪ್ಪು ಪಟ್ಟಿ ಇಳಿದುಬಂದರೆ, ಕೆಂಪು ದೀಪ ಸ್ಥಿರವಾಗಿದ್ದರೆ, ಆಫ್ ಮಾಡಿ ಆರೂ ಸ್ಕ್ರೂಗಳನ್ನು ಹಾಕಿ. ಪರದೆ ಖಾಲಿ, ಆದರೆ ದೀಪ ಹತ್ತಿದೆ ಎಂದಾದರೆ ಮೊದಲು ಕಾಂಟ್ರಾಸ್ಟ್ ಚಕ್ರ ತಿರುಗಿಸಿ ನೋಡಿ, ಆಮೇಲೆ ಕೇಬಲ್ ಓರೆಯಾಗಿದೆಯೇ ಎಂದು ನೋಡಿ. ಇವೆರಡನ್ನು ಬಿಟ್ಟು ನೇರವಾಗಿ ಬೋರ್ಡ್ ಸುಟ್ಟಿತು ಎಂದು ತೀರ್ಮಾನಿಸುವವರು ಬಹಳ.

ಕೊನೆಯ ಪರೀಕ್ಷೆಗೆ ಉಳಿಸುವ ಬ್ಯಾಟರಿ ಇಲ್ಲದ ಕ್ಯಾಟ್ರಿಜ್ ಹಾಕಿ. ಟೆಟ್ರಿಸ್ ಅಂಥದ್ದು. ಆಡುತ್ತಿರುವಾಗಲೇ ಯಂತ್ರದ ಬೆನ್ನನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ, ಸ್ವಿಚ್ ಗುಬ್ಬಿಯನ್ನು ಸರಿಸದೆ ಸ್ವಲ್ಪ ಒತ್ತಿ. ರೀಸೆಟ್ ಆಗದಿದ್ದರೆ ಸ್ವಿಚ್ ಗುಣವಾಗಿದೆ. ಸ್ವಿಚ್ಚಿನ ಓಮ್ ಸರಿಯಿದ್ದೂ ರೀಸೆಟ್ ಆಗುತ್ತಿದ್ದರೆ ಬ್ಯಾಟರಿ ಟರ್ಮಿನಲ್‌ಗಳು ಬೋರ್ಡಿಗೆ ಸೇರುವ ಜಾಗವನ್ನೂ ಅಡಾಪ್ಟರ್ ಜ್ಯಾಕ್‌ನ ಬೆಸುಗೆಗಳನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಬೆಸುಗೆಯ ಸುತ್ತ ಉಂಗುರದಂಥ ಬಿರುಕು ಕಂಡರೆ ಫ್ಲಕ್ಸ್ ಹಚ್ಚಿ ಮತ್ತೆ ಕರಗಿಸಿ. ಅಲ್ಲೂ ಏನೂ ಕಾಣದೆ, ಸ್ವಿಚ್ ದಾಟಿದ ಮೇಲೆ ಬ್ಯಾಟರಿಯ ವೋಲ್ಟೇಜ್ ಪೂರ್ತಿ ಇದ್ದೂ 5 ವೋಲ್ಟ್ ಸಾಲು ಇಳಿಯುತ್ತಿದ್ದರೆ ತೊಂದರೆ ಇರುವುದು ಪರಿವರ್ತಕದ ಬೋರ್ಡಿನಲ್ಲಿ. ಅದನ್ನು ಅಳೆಯುವಾಗ ಮೀಟರ್‌ನ ಮೊನೆ ಜಾರಿ ಎರಡು ಬಿಂದುಗಳು ಒಂದಾಗದಂತೆ ನೋಡಿಕೊಳ್ಳಿ, ಒಂದೇ ಸ್ಪರ್ಶಕ್ಕೆ ಅದು ಸುಡಬಹುದು.

ಯಂತ್ರವನ್ನು ಮತ್ತೆ ಬೀರುವಿಗೆ ಹಾಕುವುದಾದರೆ ಸೆಲ್‌ಗಳನ್ನು ಹೊರಗಿಡಿ. ಒಂದೆರಡು ತಿಂಗಳಿಗೊಮ್ಮೆ ಹೊರತೆಗೆದು, ಸೆಲ್ ಇಲ್ಲದೆಯೇ ಸ್ವಿಚ್ಚನ್ನು ಹತ್ತಾರು ಸಲ ಅತ್ತಿತ್ತ ಸರಿಸಿಡಿ.